ಪಟ್ಟಿಯಿಂದ ಬಿಟ್ಟ ಒಂದು ಗಾಡಿ

೧೪ ಮಾರ್ಚ್, ಗುರುವಾರ

ಆ ಕೂಡುರಸ್ತೆಯಲ್ಲಿ ಹದಿನೆಂಟು ಮಹಡಿ ಕಟ್ಟಲು ಇವತ್ತು ನಮ್ಮ ಯೋಜನಾ ಕಚೇರಿಯ ಒಪ್ಪಿಗೆ ಸಿಕ್ಕಿತು. ಗಾಡಿಗಳು ಕಡಿಮೆ ಕಾಯುವ ಜಾಗಕ್ಕೆ ಹೆಚ್ಚು ಅಂಕ. ಅಲ್ಲಿ ಕಾಯುವುದು ಸರಾಸರಿ ಆರೇ ನಿಮಿಷವಂತೆ. ಗಾಡಿಗಳೇ ಕಟ್ಟಡಗಳಂತೆ ನಿಂತಿರುವ ಜಾಗಕ್ಕೆ ಇನ್ನೊಂದು ಕಟ್ಟಡ!

"ಗಾಡಿ ಎಣಿಕೆಯ ವಾರ ಅಲ್ಲಿ ನಲವತ್ತೊಂದು ನಿಮಿಷ ಸಿಕ್ಕಿಬಿದ್ದ ಆಂಬುಲೆನ್ಸ್ ಪಟ್ಟಿಯಲ್ಲಿ ಇಲ್ವಲ್ಲ?" ಅಂದೆ.

"ಸರಾಸರಿ ಕೆಡಿಸೋ ವಿಪರೀತದ ಅಂಕಿ ಬಿಟ್ಟುಬಿಡಿ ಅಂತ ನಿಯಮ ಬರೆದೋರು ನೀವೇ ಅಲ್ವೇನ್ರೀ, ಮಹಾಶಯರೇ?" ಮೇಲಧಿಕಾರಿ ನಕ್ಕರು. ಆ ಆಂಬುಲೆನ್ಸಿನೊಳಗೆ ಯಾರಿದ್ದರೆಂದು ಅವರಿಗೇನು ಗೊತ್ತು, ಪಾಪ. ನಿಯಮ ನನ್ನದೇ. ಐದು ವರ್ಷದ ಹಿಂದೆ ಅದಕ್ಕೆ ಶಹಭಾಸ್ ಅನ್ನಿಸಿಕೊಂಡು, ಮನೆಗೆ ಬಂದು ಅಕ್ಕನ ಮುಂದೆ ಜಂಬ ಕೊಚ್ಚಿದ್ದೆ.

ಆಂಬುಲೆನ್ಸ್ ಸಿಕ್ಕಿಬಿದ್ದ ದಿನ ಅಕ್ಕ ಸ್ಟ್ರೆಚರ್ ಮೇಲಿಂದಲೇ, ಕಿಟಕಿಯಾಚೆ ಪಟ್ಟಿ ಹಿಡಿದು ನಿಂತಿದ್ದ ನಮ್ಮ ಎಣಿಕೆಯವಳನ್ನು ನೋಡಿದಳು. ಎದೆ ಒತ್ತಿಕೊಂಡೇ ಕೀಟಲೆ: "ನನ್ನನ್ನೂ ಬರ್ಕೋತಾಳೇನೋ, ಗಾಡಿಗಣಿತಜ್ಞಾ?"

"ಬರ್ಕೋತಾಳೆ ಕಣೇ. ನಿನ್ನಿಂದ ನಮ್ಮ ಸರಾಸರಿನೇ ಕೆಟ್ಟುಹೋಗುತ್ತೆ."

ನಕ್ಕಳು. ಆಸ್ಪತ್ರೆಯ ಗೇಟು ಕಾಣುವ ಮೊದಲೇ ಆ ನಗು ನಿಂತುಹೋಯಿತು.

ಎಣಿಕೆಯವಳು ನಿನ್ನನ್ನು ಬರೆದುಕೊಂಡಿದ್ದಳು, ಅಕ್ಕ, ನಿಮಿಷದ ಸಮೇತ. ಅಳಿಸಿದ್ದು ನನ್ನ ನಿಯಮ. ಸರಾಸರಿ ಕೆಡಲೇ ಇಲ್ಲ ಕಣೇ, ಒಂದು ಚೂರೂ.