ನಿನ್ನ ಕೈ ಕಾಣುವ ಪರದೆ

ಗುಬ್ಬಿ
ಬುಧವಾರ, 12 ನವೆಂಬರ್ 2025

ನನ್ನ ಮುದ್ದಿನ ಇರಮ್‌ಗೆ, ನಿನ್ನ ಅಮ್ಮಿಯ ಸಲಾಂ ಮತ್ತು ದುವಾ.

ಹೇಗಿದ್ದೀಯಮ್ಮಾ? ಮೈಸೂರಿನಲ್ಲಿ ಬೆಳಗಿನ ಚಳಿ ಶುರುವಾಗಿರಬೇಕು. ಚಳಿ ಬಂತೆಂದರೆ ನಿನ್ನ ಬೆರಳ ಸಂದುಗಳು ಒಡೆಯುತ್ತವೆ. ನೀನು ಮಾತಾಡುವುದೇ ಆ ಬೆರಳುಗಳಲ್ಲಿ, ಮಲಗುವ ಮುಂಚೆ ತಪ್ಪದೆ ಕೊಬ್ಬರಿ ಎಣ್ಣೆ ಹಚ್ಚಿಕೋ. ಹಾಸ್ಟೆಲಿನ ಸಾರು ಬರೀ ನೀರು ಎಂದಿದ್ದೆ, ಈಗ ಪರವಾಗಿಲ್ಲವೇ? ಇಲ್ಲಿ ನಿಮ್ಮಬ್ಬನಿಗೆ ಸೊಂಟನೋವು ಇದ್ದದ್ದೇ. ಆದರೂ ಬೆಳಗಾದರೆ ಟೆಂಪೊ ತೆಗೆದು ಅಮೃತೂರಿನ ತೋಟಗಳಿಗೆ ತೆಂಗಿನಕಾಯಿ ತುಂಬಲು ಹೋಗುತ್ತಾರೆ. ನನ್ನ ಕಣ್ಣಿನ ಪೊರೆಗೆ ಬೇಸಿಗೆಯಲ್ಲಿ ಆಪರೇಷನ್ ಎಂದಿದ್ದಾರೆ. ಸೂಜಿಗೆ ದಾರ ಪೋಣಿಸುವಾಗ ತಿಣುಕುತ್ತೇನೆ, ಆದರೆ ರವಿಕೆ ಹೊಲಿಯುವುದು ನಿಂತಿಲ್ಲ. ನಿನ್ನ ಶಾಲೆಯಲ್ಲಿ ಉರ್ದು ಕಲಿಸಲಿಲ್ಲ, ನಾನು ಕನ್ನಡ ಓದಿದ್ದು ಏಳನೆಯ ಕ್ಲಾಸಿನವರೆಗೆ. ಹಾಗಾಗಿ ನಮ್ಮಿಬ್ಬರ ನಡುವೆ ಇರುವುದು ಕೈಮಾತು, ಅದಿಲ್ಲದಿದ್ದರೆ ಈ ಕನ್ನಡ. ತಪ್ಪಿದ್ದರೆ ತಿದ್ದಿಕೊಂಡು ಓದು.

ಎರಡು ಭಾನುವಾರ ವಾರ್ಡನ್ ಮೇಡಂ ನಿನಗೆ ಮೊಬೈಲ್ ಕೊಟ್ಟಾಗ ನಾನು ಮನೆಯ ಕಂಪ್ಯೂಟರಿನ ವಿಡಿಯೊ ಕರೆಯಲ್ಲಿ ಕಾಣಿಸಲಿಲ್ಲ. ಮೊದಲನೆಯ ಸಲ ನೆಟ್ ಹೋಗಿದೆ ಎಂದುಕೊಂಡು ಸುಮ್ಮನಾದೆ. ಎರಡನೆಯ ಸಲ ಅಬ್ಬನ ಮೊಬೈಲಿನಲ್ಲೇ ನೋಡೋಣವೆಂದರೆ, ಅಂಗೈಯಗಲದ ಪರದೆಯಲ್ಲಿ ನಿನ್ನ ಬೆರಳು ಯಾವುದು ಬಳೆ ಯಾವುದು ನನ್ನ ಕಣ್ಣಿಗೆ ತಿಳಿಯಲಿಲ್ಲ. ನೀನು ಏನನ್ನೋ ಜೋರಾಗಿ ಹೇಳುತ್ತಿದ್ದೆ. ನಾನು ತಲೆ ಆಡಿಸುತ್ತಿದ್ದೆ. ನನಗೆ ಒಂದೂ ಅರ್ಥವಾಗಿಲ್ಲವೆಂದು ನಿನಗೆ ಗೊತ್ತಾಗಿ ಕೈ ಕೆಳಗಿಳಿಸಿಬಿಟ್ಟೆ. ಅರ್ಧ ಗಂಟೆಯ ಮೇಲೆ ಮೆಸೇಜ್ ಬಂತು: “ಅಬ್ಬಾ, ಬಂದು ಕರ್ಕೊಂಡ್ ಹೋಗಿ. ಕಾಲೇಜ್ ಬೇಡ.” ವಾರ್ಡನ್‌ಗೆ ಫೋನ್ ಮಾಡಿಸಿದರೆ, “ಚೆನ್ನಾಗಿದ್ದಾಳೆ, ಮನೆ ನೆನಪಾಗಿರ್ಬೇಕು” ಎಂದರು. ನಿಮ್ಮಬ್ಬ, “ಅವ್ಳೇ ಬೇಡ ಅಂದ್ಮೇಲೆ ಬುಡು, ಸೋಮವಾರ ಟೆಂಪೊದಲ್ಲೇ ಹೋಗಿ ಸಾಮಾನು ತರ್ತೀನಿ” ಎಂದರು. ನಿನ್ನ ಮುಖ ನೋಡಿ ಕೇಳುವವರೆಗೆ ಯಾರೂ ಹೋಗುವುದು ಬೇಡ ಎಂದೆ. ಎರಡು ಸಾಲಿನಲ್ಲಿ ಎರಡು ವರ್ಷದ ಓದು ಮುಗಿಸಲು ನನಗೆ ಮನಸ್ಸಾಗಲಿಲ್ಲ.

ಸೋಮವಾರ ಕಂಪ್ಯೂಟರಿನ ಡಬ್ಬವನ್ನು ಹಳೇ ದುಪ್ಪಟ್ಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತುಮಕೂರಿಗೆ ಹೋದೆ. ಅಂಗಡಿಯವನು ಮುಚ್ಚಳವನ್ನೂ ಬಿಚ್ಚಲಿಲ್ಲ. “ಬೋರ್ಡೇ ಹೋಗಿದೆ ಅಕ್ಕ, ಹೊಸದು ತಗೊಳ್ಳಿ” ಅಂದ. ನೋಡದೆಯೇ ಹೇಳಿದವನ ಮಾತು ನಂಬುವುದು ಹೇಗೆ? ನನ್ನ ಹತ್ತಿರ ಹರಿದ ರವಿಕೆ ತಂದರೆ ನಾನು ತಿರುವಿ ಹೊಲಿಗೆ ನೋಡದೆ ಹೊಸ ಬಟ್ಟೆ ತನ್ನಿ ಎನ್ನುತ್ತೇನೆಯೇ? ಡಬ್ಬ ಹೊತ್ತು ವಾಪಸ್ ಬಂದೆ.

ಮಂಗಳವಾರ ಇಲ್ಲಿಯ ತಾಲೂಕು ಆಫೀಸಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ರೂಪಶ್ರೀಯ ಬಳಿ ಹೋದೆ. ನಿನ್ನ ಕಾಲೇಜಿನ ಅರ್ಜಿ ತುಂಬಿಕೊಟ್ಟವಳು. ಅವಳು ಕೇಳಿದ ಮೊದಲ ಪ್ರಶ್ನೆ, ಅದೇ ನೆಟ್ ಬೇರೆ ಯಾರಿಗಾದರೂ ಬರುತ್ತಿದೆಯೇ ಎಂದು. ನೆಟ್ ಕೊಟ್ಟಿರುವುದೇ ಮೇಲಿನ ಮನೆಯ ಕರಿಸಿದ್ದಪ್ಪನವರು, ಅವರು ಅದರಲ್ಲಿ ದಿನವೆಲ್ಲ ಕ್ರಿಕೆಟ್ ನೋಡುತ್ತಾರೆ ಎಂದೆ. “ಹಂಗಾದ್ರೆ ನೆಟ್ ಸರಿಯಾಗೈತೆ. ನಿಮ್ ಕಂಪ್ಯೂಟ್ರಲ್ಲಿ ಡ್ರೈವರ್ ಕೆಟ್ಟೈತೆ ಅಕ್ಕ” ಅಂದಳು. ನಮ್ಮ ಮನೆಯಲ್ಲಿ ಡ್ರೈವರ್ ಎಂದರೆ ನಿಮ್ಮಬ್ಬ. ನಾನು ಮಿಕಿಮಿಕಿ ನೋಡಿದ್ದಕ್ಕೆ ಅವಳು ನಗುತ್ತಾ ಬಿಡಿಸಿ ಹೇಳಿದಳು. ಹಿಂದೆ ಸಿಕ್ಕಿಸಿರುವ ಬೆರಳುದ್ದದ ವೈಫೈ ಕಡ್ಡಿ ಗಾಡಿಯಿದ್ದಂತೆ. ಅದನ್ನು ಓಡಿಸಲು ಕಂಪ್ಯೂಟರಿನೊಳಗೆ ಒಂದು ಪ್ರೋಗ್ರಾಂ ಇರುತ್ತದೆ, ಅದಕ್ಕೇ ಡ್ರೈವರ್ ಅನ್ನುತ್ತಾರೆ. ತಾನಾಗಿ ಬಂದ ಯಾವುದೋ ಅಪ್‌ಡೇಟ್ ಹಳೆಯ ಡ್ರೈವರನ್ನು ಇಳಿಸಿ, ಈ ಗಾಡಿಯ ಪರಿಚಯವೇ ಇಲ್ಲದವನನ್ನು ಕೂರಿಸಿದೆ.

ಅಂಗಡಿ ಬಿಟ್ಟು ಬರಲು ಅವಳಿಗೆ ಆಗದು. ಏನೇನು ಒತ್ತಬೇಕೆಂದು ನನ್ನ ಅಳತೆ ಪುಸ್ತಕದಲ್ಲಿ ಬರೆದುಕೊಟ್ಟಳು. ಮನೆಗೆ ಬಂದು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ ನೋಡುತ್ತಾ ಡಿವೈಸ್ ಮ್ಯಾನೇಜರ್ ತೆಗೆದೆ. ಅವಳು ಹೇಳಿದಂತೆಯೇ ವೈಫೈ ಹೆಸರಿನ ಮೇಲೆ ಪುಟ್ಟ ಹಳದಿ ತ್ರಿಕೋನ ಕೂತಿತ್ತು. ಹಳೆಯ ಡ್ರೈವರಿಗೆ ಹಿಂದಿರುಗಿಸುವ ಬಟನ್ ಮಂಕಾಗಿತ್ತು, ಒತ್ತಿದರೆ ಒತ್ತಿಸಿಕೊಳ್ಳಲಿಲ್ಲ. ಅಳಿಸಿ ಮತ್ತೆ ಆನ್ ಮಾಡಿದರೂ ಅದೇ ತ್ರಿಕೋನ. ಸರಿಯಾದ ಡ್ರೈವರನ್ನು ನೆಟ್‌ನಿಂದ ಇಳಿಸಿಕೊಳ್ಳಬೇಕಂತೆ. ನೆಟ್ಟೇ ಇಲ್ಲವಲ್ಲ. ನೀರು ಸೇದುವ ಹಗ್ಗವೇ ಬಾವಿಗೆ ಬಿದ್ದಂತಾಯಿತು. ಕೊನೆಗೆ ಕಡ್ಡಿಯ ಗುರುತಿನ ನಂಬರನ್ನು ಪರದೆಯಿಂದ ಬರೆದುಕೊಂಡು ಹೋದೆ, ರೂಪಶ್ರೀ ತನ್ನಲ್ಲಿ ಹುಡುಕಿ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟಳು. ತಂದು ಹಾಕಿದೆ, ಹೊಂದಲಿಲ್ಲ. ಅಳತೆ ತಪ್ಪಿದ ತೋಳಿನ ಹಾಗೆ. ಕುರ್ಚಿಯಲ್ಲಿ ಕೂತು ಒಂದು ಗಳಿಗೆ ಅತ್ತೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ದಾರ ಪೋಣಿಸುವ ಭೂತಗನ್ನಡಿ ಹಿಡಿದು ನಂಬರನ್ನು ಮತ್ತೆ ಓದಿದೆ. ‘ಬಿ’ ಇದ್ದಲ್ಲಿ ನಾನು ‘ಎಂಟು’ ಬರೆದಿದ್ದೆ. ತಪ್ಪು ಬೋರ್ಡಿನದಲ್ಲ, ನನ್ನ ಕಣ್ಣಿನದು. ಮತ್ತೆ ನಡೆದೆ. ಸಂಜೆಯ ಹೊತ್ತಿಗೆ ಹಳದಿ ತ್ರಿಕೋನ ಹೋಗಿ, ಕರಿಸಿದ್ದಪ್ಪನವರ ಮನೆಯ ನೆಟ್‌ನ ಹೆಸರು ಪರದೆಯ ಮೇಲೆ ಬಂತು.

ಇವತ್ತು ಬೆಳಿಗ್ಗೆ ನೋಡಿದರೆ ಮತ್ತೆ ಮಾಯ. ನೆಟ್ ಬಂದಿದ್ದೇ ತಡ, ಆ ಅಪ್‌ಡೇಟ್ ಮತ್ತೆ ಬಂದು ಪರಿಚಯವಿಲ್ಲದವನನ್ನೇ ಕೂರಿಸಿತ್ತು. ನಿಮ್ಮಬ್ಬ ಟೆಂಪೊದ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಈಗಲಾದರೂ ಬಿಡುತ್ತಾಳೆ ಎಂದುಕೊಂಡಿರಬೇಕು. ನಾನು ಚಪ್ಪಲಿ ಮೆಟ್ಟಿಕೊಂಡೆ. ಅವರು ಟೆಂಪೊದಲ್ಲಿ ಕೂರಿಸಿಕೊಂಡು ರೂಪಶ್ರೀಯ ಅಂಗಡಿಯವರೆಗೆ ಬಿಟ್ಟರು. “ಅಪ್‌ಡೇಟ್‌ನ ಮೊದ್ಲು ನಿಲ್ಸಿ, ಆಮೇಲೆ ನಮ್ಮೋನ್ನ ಕೂರ್ಸಿ ಅಕ್ಕ” ಎಂದು ಅವಳು ಇನ್ನೊಂದು ಹಾಳೆ ಬರೆದುಕೊಟ್ಟಳು. ಹಾಗೆಯೇ ಮಾಡಿದೆ. ಆಗಿನಿಂದ ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ದೇನೆ, ನಾಲ್ಕು ಸಲವೂ ನೆಟ್ ಬಂದಿದೆ. ಕ್ಯಾಮೆರಾದಲ್ಲಿ ನನ್ನ ಕೈ ಎಷ್ಟು ದೊಡ್ಡದಾಗಿ, ಸ್ಪಷ್ಟವಾಗಿ ಕಂಡಿತು ಗೊತ್ತೇ, ಸೂಜಿ ಚುಚ್ಚಿದ ಗುರುತುಗಳ ಸಮೇತ.

ಈ ಪತ್ರವನ್ನು ನಾಳೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ, ಶನಿವಾರದೊಳಗೆ ನಿನ್ನ ಕೈಗೆ ಬರುತ್ತದೆ. ಭಾನುವಾರ ನಾಲ್ಕು ಗಂಟೆಗೆ ಬೆಳಕಿರುವ ಕಡೆ ಗೋಡೆಗೆ ಬೆನ್ನು ಕೊಟ್ಟು ಕೂತುಕೋ. ಹಸಿರು ಕುರ್ತಾ ಬೇಡ, ತಿಳಿ ಬಣ್ಣದ್ದು ಹಾಕಿಕೋ, ನನಗೆ ಕೈ ಚೆನ್ನಾಗಿ ಕಾಣುತ್ತದೆ. ವಾರ್ಡನ್ ಮೇಡಂಗೆ ನಮ್ಮ ಸಲಾಂ ತಿಳಿಸು. ನಿನ್ನ ಕೈಗೂ ಮನಸ್ಸಿಗೂ ಅಲ್ಲಾಹ್ ಬಲ ಕೊಡಲಿ.

ನಿನ್ನ ಅಮ್ಮಿ,
ತಾಜುನ್ನೀಸಾ

ತಾ.ಕ.: ನಿನ್ನ ಮೆಸೇಜಿನಲ್ಲಿ ಇನ್ನೊಂದು ಸಾಲಿತ್ತು. ನಿಮ್ಮಬ್ಬ ಅದನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ತೋರಿಸಿದರು, ಆದರೂ ನಾನು ಓದಿದೆ. “ಅಮ್ಮಿಗೆ ಹೇಳ್ಬೇಡಿ.” ಕಾಲೇಜಿಗೆ ಹೋಗಲೇಬೇಕೆಂದು ಹಟ ಹಿಡಿದವಳು ನಾನು, ಅದಕ್ಕೇ ನೀನು ನನಗೆ ಹೆದರಿದೆ. ಇಷ್ಟೆಲ್ಲ ಓಡಾಡಿದ್ದು ನಿನ್ನನ್ನು ಅಲ್ಲೇ ಉಳಿಸಲು ಅಂದುಕೊಳ್ಳಬೇಡ ಮಗಳೇ, ನಿನ್ನ ಮಾತು ಪೂರ್ತಿ ನೋಡಲು. ಅಲ್ಲಿ ಯಾರಾದರೂ ನಿನ್ನನ್ನು ನೋಯಿಸಿದ್ದರೆ, ಪಾಠ ತಿಳಿಯದಿದ್ದರೆ, ಅಥವಾ ಹೇಳಲಾಗದ ಬೇರೇನೋ ಇದ್ದರೆ, ಎಲ್ಲ ಹೇಳು. ನಿನ್ನ ಮಾತು ಮುಗಿಯುವವರೆಗೆ ನಾನು ನಡುವೆ ಕೈ ಎತ್ತುವುದಿಲ್ಲ. ಕೊನೆಯಲ್ಲಿ ‘ಬಾ’ ಎಂದರೆ ಸೋಮವಾರ ಮೊದಲ ಬಸ್ಸಿಗೆ ನಾನೇ ಹೊರಟು ಬರುತ್ತೇನೆ.