ಎಲೆಯ ಸಾರವಿಲ್ಲದ ಬಿಲ್ಲೆ

ಪ್ರಯೋಗಾಲಯದ ಮೆಟ್ಟಿಲ ಮೇಲಿಂದ,
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಜ್ವರ ಇಳಿಯಿತೇ? ನಿದ್ದೆ ಬರುತ್ತಿದೆಯೇ? ಕಾಲಿನ ಗಾಯ ಹೇಗಿದೆ ಎಂದು ನಿಮ್ಮನ್ನು ಕೇಳುವುದಿಲ್ಲ, ನೀವು "ಏನಿಲ್ಲ, ಒಣಗ್ತಾ ಇದೆ" ಅನ್ನುತ್ತೀರಿ. ಅತ್ತಿಗೆ ಬೆಳಿಗ್ಗೆ ಫೋನ್ ಮಾಡಿ ಎಲ್ಲ ಹೇಳಿದರು. ಗಾಯದ ಅಂಚು ಕಪ್ಪಾಗಿದೆಯಂತೆ, ಕಾಲು ಮರಗಟ್ಟಿ ಚಪ್ಪಲಿ ಜಾರಿದ್ದೂ ನಿಮಗೆ ಗೊತ್ತಾಗಲಿಲ್ಲವಂತೆ, ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಿ ಹತ್ತು ದಿನವಾಯಿತಂತೆ. ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನಿಮಗೆ ಬೇಕಾದ ಹಾಗೆ ಕೇಳಿಸುತ್ತದೆ. ಅದಕ್ಕೇ ಅಣ್ಣನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಅವನು ಕಾರು ತಂದು ಇಲ್ಲಿಯ ಗೇಟಿನ ಹತ್ತಿರ ಕಾಯುತ್ತಿದ್ದಾನೆ. ಓದಿ ಮುಗಿಸುವವರೆಗೆ ಅವನೊಂದಿಗೆ ಜಗಳ ತೆಗೆಯಬೇಡಿ.

ಮಾತ್ರೆ ಬಿಡಿಸಿದ್ದು ನನ್ನ ಹಿಂದಿನ ಪತ್ರ. ನಮ್ಮ ಹಿತ್ತಿಲ ಬಳ್ಳಿಯ ಎಲೆ ಗಾಯದ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ ಎಂದು ಬರೆದಿದ್ದೆ. ನೀವು ಟೇಪನ್ನು ಕೊರಳಿಗೆ ಹಾಕಿಕೊಂಡು, ಅಂಗಿಯ ಅಳತೆ ಕೊಡಲು ಬಂದವರಿಗೆಲ್ಲ ಅದನ್ನು ಓದಿ ಹೇಳಿದಿರಂತೆ. "ನಲವತ್ತು ವರ್ಷದಿಂದ ನಾನು ಹೇಳ್ತಿದ್ದೆ, ಈಗ ಮಗಳ ಮಿಷನ್ನೂ ಹೇಳ್ತು" ಎಂದಿರಂತೆ. ಅಪ್ಪಾ, ಮಿಷನ್ ಗಿಷನ್ ಏನೂ ಇಲ್ಲ. ಎಲೆಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಸಾರ ತೆಗೆಯುತ್ತೇವೆ. ಅಂಗಿ ಗುಂಡಿಗಿಂತ ಚಿಕ್ಕದಾದ ಕಾಗದದ ಬಿಲ್ಲೆಗೆ ಅದನ್ನು ಹಾಕಿ, ಪೂರ್ತಿ ಒಣಗಿಸಿ, ಸೂಕ್ಷ್ಮಾಣು ಹರಡಿದ ತಟ್ಟೆಯಲ್ಲಿ ಇಡುತ್ತೇವೆ. ಮರುದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ಉಂಗುರ ಕಂಡರೆ ಔಷಧ ಕೆಲಸ ಮಾಡಿತು ಎಂದರ್ಥ. ನಾನು ಆತುರಗೇಡಿ, ನಿಮ್ಮದೇ ರಕ್ತ, ಹಸಿ ಬಿಲ್ಲೆಗಳನ್ನೇ ಇಟ್ಟೆ. ಸೂಕ್ಷ್ಮಾಣುಗಳನ್ನು ಕೊಂದದ್ದು ಸ್ಪಿರಿಟ್ಟು. ಎಲೆಯ ಸಾರವಿಲ್ಲದೆ ಬರೀ ಸ್ಪಿರಿಟ್ ಹಾಕಿದ ಬಿಲ್ಲೆಯೊಂದನ್ನು ಪಕ್ಕದಲ್ಲಿಟ್ಟಿದ್ದರೆ ಆಗಲೇ ತಿಳಿಯುತ್ತಿತ್ತು, ಇಡಲು ಮರೆತೆ. ಕಳೆದೊಂದು ವಾರದಲ್ಲಿ ಚೆನ್ನಾಗಿ ಒಣಗಿಸಿ ಮೂರು ಸಲ ಮಾಡಿದೆ. ಮೂರು ಸಲವೂ ಎಲೆಯ ಬಿಲ್ಲೆಯ ಅಂಚಿನವರೆಗೂ ಸೂಕ್ಷ್ಮಾಣು ಬೆಳೆದುಕೊಂಡಿತ್ತು.

ಗಾಯಕ್ಕೆ ಎಲೆ ಅರೆದು ಹಚ್ಚಿದ್ದು ಸಾಕು. ಸಂಜೆ ಐದಕ್ಕೆ ಆಸ್ಪತ್ರೆಯಲ್ಲಿ ಡಾಕ್ಟರು ನಿಮಗಾಗಿ ಕಾಯುತ್ತಾರೆ. ಇನ್ನೂ ತಡ ಮಾಡಿದರೆ ಕಾಲು ಉಳಿಸುವುದು ಕಷ್ಟ ಎಂದಿದ್ದಾರೆ. ಹೊಲಿಗೆ ಮಿಷನ್ ತುಳಿದು ನಮ್ಮಿಬ್ಬರನ್ನು ಓದಿಸಿದ ಕಾಲು ಅದು. ನನಗೆ ತುಂಬ ಭಯವಾಗಿದೆ.

ಅತ್ತಿಗೆಗೆ ನನ್ನ ನೆನಪು ತಿಳಿಸಿ.

ಆ ಕಾಲಿಗೇ ನಮಸ್ಕರಿಸುವ,
ನೀವು ಕರೆಯುವ ಹಾಗೆ, ನಿಮ್ಮ ಬಾಯಿಬಡುಕಿ ಕತ್ತರಿ

ತಾ.ಕ.: ಅಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಮರೆತೆ ಎಂದು ಮೇಲೆ ಬರೆದದ್ದು ಸುಳ್ಳು. ಬರೀ ಸ್ಪಿರಿಟ್ಟಿನ ಆ ಬಿಲ್ಲೆಯನ್ನು ಮೊದಲ ದಿನವೇ ಇಟ್ಟಿದ್ದೆ. ಅದರ ಸುತ್ತಲೂ ಅಷ್ಟೇ ದೊಡ್ಡ ಉಂಗುರವಿತ್ತು. ನಿಮ್ಮ ಎಲೆ ಗೆಲ್ಲಲಿ ಎಂಬ ಆಸೆಗೆ ಕಂಡೂ ಕಾಣದ ಹಾಗಿದ್ದೆ. ಹಿಂದಿನ ಪತ್ರದ ಜೊತೆ ನಿಮಗೆ ಕಳಿಸಿದ ತಟ್ಟೆಯ ಫೋಟೊದ ಮೂಲೆಯಲ್ಲಿ ನನ್ನ ಹೆಬ್ಬೆರಳು ಅಡ್ಡ ಬಂದಿದೆಯಲ್ಲ, ಅದರ ಹಿಂದಿರುವುದು ಅದೇ ಬಿಲ್ಲೆ. ಬೈಯಿರಿ, ನನ್ನ ಜೊತೆ ಮಾತು ಬಿಡಿ, ಆದರೆ ಕಾರು ಹತ್ತಿ ಅಪ್ಪಾ.