ಹತ್ತರಲ್ಲಿ ಒಂದು ಪಾಲು

ಮೇ ೪, ಭಾನುವಾರ

ಪ್ರೀತಿಯ ಪಾಪಚ್ಚಿಗೆ,

ಅಪ್ಪನಿಗೆ ನೀನು ಹತ್ತರಲ್ಲಿ ಒಂದು ಪಾಲು ಮಾತ್ರ ಹಾಕಲು ಹೇಳಿದ್ದೆ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಈ ಒಂದು ವಾಕ್ಯ ಬಿಟ್ಟು ಬೇರೆಲ್ಲ ಬರೆದ ಪತ್ರವನ್ನು ಎರಡು ಸಲ ಹರಿದುಹಾಕಿದ್ದೇನೆ. ಈ ಸಲವೂ ಇದನ್ನು ಕೊನೆಗೆ ಎಲ್ಲಾದರೂ ಸೇರಿಸೋಣ, ಆಗದಿದ್ದರೆ ಬಿಡೋಣ ಎಂದುಕೊಂಡಿದ್ದೆ. ಹಾಗೆ ಬಿಟ್ಟುಬಿಡುವುದು ನನಗೆ ಎಷ್ಟು ಸಲೀಸು ಎಂದು ಗೊತ್ತಿರುವುದರಿಂದ ಮೊದಲೇ ಬರೆದುಬಿಟ್ಟೆ.

ಮೂರು ವರ್ಷದ ಮೇಲೆ ಅಕ್ಕನ ಕಾಗದ ಬಂದರೆ ನೀನು ಲಕೋಟೆ ಒಡೆಯುತ್ತೀಯೋ ಇಲ್ಲವೋ. ಫೋನು ಮಾಡಬಹುದಿತ್ತು. ಫೋನಿನಲ್ಲಾದರೆ ಇಬ್ಬರೂ ಅತ್ತು, ಮಾತು ಅಲ್ಲಿಗೇ ಮುಗಿದು, ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಮೊದಲು ಇಂಗ್ಲಿಷಿನಲ್ಲಿ ಬರೆದೆ. ಶಾಲೆಯಿಂದ ಕಚೇರಿಯವರೆಗೆ ನನ್ನ ಬರವಣಿಗೆಯೆಲ್ಲ ಅದರಲ್ಲೇ ತಾನೆ. ಓದಿ ನೋಡಿದರೆ ತನಿಖಾ ವರದಿಯ ಹಾಗಿತ್ತು: ತಪ್ಪು ನಡೆದಿತ್ತು, ಮಾಡಿದವರು ಯಾರೂ ಇರಲಿಲ್ಲ. ಅದಕ್ಕೇ ಕನ್ನಡ.

ನನ್ನ ಕೆಲಸದ ಬಗ್ಗೆ ಮನೆಯಲ್ಲಿ ನಾನು ಹೆಚ್ಚು ಹೇಳಿದವಳಲ್ಲ. ಪ್ರತಿ ತಿಂಗಳ ಎರಡನೇ ವಾರ ನಮ್ಮವರು ಅದದೇ ಅಂಗಡಿಗಳಿಗೆ ಹೋಗಿ, ಅದದೇ ಸಾಮಾನಿನ, ಅದೇ ತೂಕದ ಬೆಲೆ ಕೇಳಿ ಹಾಳೆಯಲ್ಲಿ ಬರೆದುಕೊಂಡು ಬರುತ್ತಾರೆ. ನಾನೂ ಒಂಬತ್ತು ವರ್ಷ ಹಾಗೆ ತಿರುಗಿದ್ದೇನೆ. 'ಬಂದ್ರು ನೋಡಿ, ಕೊಳ್ಳದೆ ಕೇಳೋರು' ಎಂದು ಅಂಗಡಿಯವರು ನಗುತ್ತಿದ್ದರು. ಆ ಹಾಳೆಗಳನ್ನೆಲ್ಲ ಸೇರಿಸಿದರೆ ಕೊನೆಗೆ ಒಂದು ಸಂಖ್ಯೆ ಬರುತ್ತದೆ, ಬೆಲೆ ಇಷ್ಟು ಏರಿತು ಎಂದು. ಪಿಂಚಣಿಯವರ ತುಟ್ಟಿಭತ್ಯೆ ಏರುವುದು ಆ ಸಂಖ್ಯೆಯ ಮೇಲೆ. ಅಪ್ಪನದೂ ಹಾಗೇ. ಒಂದು ಸಾಮಾನು ಅಂಗಡಿಯಲ್ಲಿ ಸಿಗದಿದ್ದರೆ ಅದಕ್ಕೆ ಸಮನಾದ ಬದಲಿ ಸಾಮಾನಿನ ಬೆಲೆ ಬರೆಯಬಹುದು, ಮೇಲ್ವಿಚಾರಕರ ರುಜು ಬೇಕು. ಐದು ವರ್ಷದ ಹಿಂದೆ ನಾನು ಮೇಲ್ವಿಚಾರಕಿಯಾದೆ.

ಸರ್ಕಾರದ ಬಜೆಟ್ಟಿನಲ್ಲಿ ಕೊರತೆ ದೊಡ್ಡದಾಗಿ ಬಂದ ವರ್ಷ ನಿನಗೆ ನೆನಪಿದೆ. ಅಪ್ಪ ಸರ್ಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ ಗುಟ್ಟು ಹೊರಬೀಳದಂತೆ ಬಜೆಟ್ಟಿಗೆ ಮೊದಲು ಐದು ದಿನ ಅವರನ್ನು ಒಳಗೇ ಕೂಡಿಹಾಕುತ್ತಿದ್ದರಲ್ಲ. ಹೊರಗೆ ಬಂದ ಮೇಲೆ ಹೇಳುತ್ತಿದ್ದರು, 'ಸರ್ಕಾರದ ಕೊರತೆ ಎಲ್ಲರಿಗಿಂತ ಮೊದಲು ನನಗೆ ಗೊತ್ತು. ನನ್ನ ಕೊರತೆ ಸರ್ಕಾರಕ್ಕೆ ಗೊತ್ತೇ ಇಲ್ಲ.' ಆ ವರ್ಷ ಖಜಾನೆ ತುಂಬಲು ನೋಟು ಹೆಚ್ಚು ಅಚ್ಚಾಯಿತು, ಪೇಟೆಯಲ್ಲಿ ಎಲ್ಲದರ ಬೆಲೆಯೂ ಹತ್ತಿತು. ನಮ್ಮ ಸಂಖ್ಯೆ ಏರಿದಷ್ಟೂ ತುಟ್ಟಿಭತ್ಯೆ ಏರಿಸಬೇಕು. ನಿರ್ದೇಶಕರು ನಮ್ಮ ನಾಲ್ವರು ಮೇಲ್ವಿಚಾರಕರನ್ನು ಚಹಾದ ಹೊತ್ತಿಗೆ ಕರೆದು ತುಂಬ ಮೃದುವಾಗಿ ಮಾತಾಡಿದರು. ಸುಳ್ಳು ಬರೆಯಿರಿ ಎಂದು ಅವರು ಹೇಳಲಿಲ್ಲ. ತುಟ್ಟಿಯಾದರೆ ಜನ ಅಗ್ಗದ್ದಕ್ಕೆ ಹೋಗುತ್ತಾರೆ, ಹಾಳೆಯೂ ಜನರ ಹಿಂದೆ ಹೋಗಬೇಕು, ಅಷ್ಟೇ ಎಂದರು. ಒಬ್ಬರು ಹಾಲಿನ ಸಾಲಿನಲ್ಲಿ ಹಾಲಿನ ಪುಡಿ ಬರೆದರು. ಇನ್ನೊಬ್ಬರು ಬಾಟಲಿ ಎಣ್ಣೆಯ ಜಾಗದಲ್ಲಿ ಬಿಡಿ ಎಣ್ಣೆ.

ನನ್ನ ಪಾಲಿಗೆ ಔಷಧಿಗಳು. ಅದರಲ್ಲಿ ಇಪ್ಪತ್ತೇಳನೇ ಸಾಲು ಕಣ್ಣಿನ ಒತ್ತಡದ ಹನಿಮದ್ದು. ಅಪ್ಪ ದಿನಕ್ಕೆ ಎರಡು ಸಲ ಹಾಕಿಕೊಳ್ಳುತ್ತಿದ್ದದ್ದೇ. ಹೊರದೇಶದಿಂದ ಬರುವ ಮದ್ದು, ಬೆಲೆ ಎರಡರಷ್ಟಾಗಿತ್ತು. ನಾನು ಅದರ ಜಾಗದಲ್ಲಿ ಸರ್ಕಾರಿ ಔಷಧಾಲಯದ ಹನಿಮದ್ದಿನ ದರ ಬರೆದೆ. ಆ ಔಷಧಾಲಯದಲ್ಲಿ ಹನ್ನೊಂದು ತಿಂಗಳಿಂದ ಅದು ಇರಲಿಲ್ಲ. ಅಪ್ಪನಿಗಾಗಿ ನಾನೇ ಎರಡು ಸಲ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಬಂದಿದ್ದೆ. ಆದರೂ ರುಜು ಹಾಕಿದೆ. ಯಾರೂ ಹೆದರಿಸಿರಲಿಲ್ಲ. ನನ್ನ ಬಡ್ತಿಯ ಕಡತ ನಿರ್ದೇಶಕರ ಮೇಜಿನ ಮೇಲಿತ್ತು, ಅದೂ ನಿಜ. ಆದರೆ ಅದಕ್ಕಾಗಿಯೇ ಮಾಡಿದೆ ಎಂದರೆ ಅದೂ ಪೂರ್ತಿ ಸರಿಯಲ್ಲ. ಎಲ್ಲರೂ ಮಾಡುತ್ತಿದ್ದರು, ನಾನೂ ಮಾಡಿದೆ. ಆ ತಿಂಗಳ ಸಂಖ್ಯೆ ನೂರಕ್ಕೆ ನಾಲ್ಕು ಬಂತು.

ಸಂಖ್ಯೆ ಪತ್ರಿಕೆಯಲ್ಲಿ ಬಂದ ಎರಡು ದಿನಕ್ಕೆ ಅಪ್ಪ ಪೇಟೆಯಿಂದ ಬಂದು ಚೀಲವನ್ನು ಊಟದ ಮೇಜಿನ ಮೇಲೆ ಖಾಲಿ ಮಾಡಿದರು. ಹಾಲು, ಬ್ರೆಡ್ಡು, ಮೊಟ್ಟೆ, ಸೋಪು, ಮದ್ದಿನ ಪುಟ್ಟ ಬಾಟಲಿ. ಒಂದೊಂದರ ಪಕ್ಕಕ್ಕೂ ಒಂದೊಂದು ಚೀಟಿ ಇಟ್ಟರು, ಹೋದ ವರ್ಷದ ಬೆಲೆ, ಈ ವರ್ಷದ ಬೆಲೆ. ಆಮೇಲೆ ನನ್ನನ್ನು ಕರೆದು ಕೇಳಿದರು, 'ನಿನ್ನ ಸಂಖ್ಯೆ ನಾಲ್ಕು ಅನ್ನುತ್ತೆ. ನನ್ನ ಚೀಲ ಇಪ್ಪತ್ತು ಅನ್ನುತ್ತೆ. ಸುಳ್ಳು ಹೇಳ್ತಿರೋದು ಯಾರಮ್ಮ, ಚೀಲಾನೋ ನೀನೋ?'

ನಾನು ಸರಾಸರಿಯ ಬಗ್ಗೆ ಹೇಳಿದೆ. ಒಂದು ಮನೆಯ ಚೀಲ ಇಡೀ ದೇಶದ ಚೀಲವಲ್ಲ ಎಂದೆ. ತೂಕ, ಆಧಾರ ವರ್ಷ ಎಂದೆಲ್ಲ ವಿವರಿಸಿದೆ. ಅಪ್ಪ ಪೂರ್ತಿ ಕೇಳಿದರು. ಅಚ್ಚಾದದ್ದನ್ನು ನಂಬುವುದೇ ಅವರ ಉದ್ಯೋಗವಾಗಿತ್ತು, ಮೂವತ್ತೆರಡು ವರ್ಷ. ಅದರ ಮೇಲೆ ಹೇಳುತ್ತಿರುವವಳು ಮಗಳು. ಹಾಗಾದರೆ ನಮ್ಮದೇ ಕೈ ದುಂದು ಇರಬೇಕು ಎಂದು ಚೀಟಿಗಳನ್ನು ಜೋಡಿಸಿ ಜೇಬಿಗೆ ಹಾಕಿಕೊಂಡರು.

ಅದಾದ ಮೇಲೆ ಅವರು ನಿನ್ನ ಹತ್ತಿರ ಬಂದದ್ದು. ನೀನು ಎರಡು ವರ್ಷದಿಂದ ನಿನ್ನ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಕ್ರಿಪ್ಟೊ ನಾಣ್ಯ ಕೊಳ್ಳುತ್ತಿದ್ದೆ. ಇಂತಿಷ್ಟೇ ನಾಣ್ಯ, ಅದಕ್ಕಿಂತ ಒಂದೂ ಹೆಚ್ಚು ಹುಟ್ಟುವುದಿಲ್ಲ, ಯಾವ ಸರ್ಕಾರವೂ ಅದನ್ನು ಅಚ್ಚು ಹಾಕಲು ಆಗುವುದಿಲ್ಲ ಎಂದು ನೀನು ಹೇಳಿದ್ದನ್ನು ಅಪ್ಪ ನನಗೆ ಬಂದು ಹೇಳಿದರು. 'ಅಚ್ಚು ಹಾಕೋಕೆ ಆಗದ ದುಡ್ಡಂತೆ! ನನ್ನಂಥವನ ಹೊಟ್ಟೆ ಮೇಲೆ ಹೊಡೆಯೋ ದುಡ್ಡು ಅದು' ಎಂದು ನಕ್ಕರು. ಆದರೆ ಅವರಿಗೆ ಅದು ಹಿಡಿಸಿತ್ತು. ನೀನು ಎಷ್ಟು ಹಾಕಲು ಹೇಳಿದ್ದೆ ಎಂಬುದನ್ನೂ ಅದೇ ದಿನ ಹೇಳಿದರು. 'ಹತ್ತರಲ್ಲಿ ಒಂದು ಪಾಲು ಹಾಕಪ್ಪ, ಮುಳುಗಿದರೂ ಊಟಕ್ಕೆ ತೊಂದರೆ ಇರಬಾರದು ಅಂದ್ಳು ನಮ್ಮ ಪಾಪಚ್ಚಿ. ಎಷ್ಟು ಜಾಗ್ರತೆ ನೋಡು' ಎಂದರು. ನಲವತ್ತರ ಹತ್ತಿರದ ಮಗಳನ್ನು ಪಾಪಚ್ಚಿ ಎಂದೇ ಕರೆಯುತ್ತಾರಲ್ಲ ಎಂದು ನನಗೆ ಸಣ್ಣ ಹೊಟ್ಟೆಕಿಚ್ಚು ಆಗಿದ್ದೂ ನೆನಪಿದೆ.

ನಿನಗೆ ಗೊತ್ತಿಲ್ಲದ್ದು ಮುಂದಿನದು. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಪ್ಪ ನನ್ನ ಕಚೇರಿಯ ಎದುರಿನ ಬಸ್ ನಿಲ್ದಾಣಕ್ಕೆ ಬಂದು ಕೂತಿದ್ದರು. ಹಾಕಿದ ಒಂದು ಪಾಲು ಒಳ್ಳೆಯ ಏರಿಕೆಯಲ್ಲಿತ್ತು. ನಿವೃತ್ತಿಯಲ್ಲಿ ಬಂದ ಇಡಿಗಂಟಿನ ಉಳಿದ ಒಂಬತ್ತು ಪಾಲು ಬ್ಯಾಂಕಿನಲ್ಲಿತ್ತು, ನೂರಕ್ಕೆ ಆರು ಬಡ್ಡಿ. ಅದನ್ನೂ ತೆಗೆದು ಹಾಕಲೇ ಎಂದು ಕೇಳಿದರು. 'ಪಾಪಚ್ಚಿನ ಕೇಳಿದ್ರೆ ಬೇಡ ಅಂತಾಳೆ, ಅದಕ್ಕೇ ನಿನ್ನ ಹತ್ತಿರ ಬಂದೆ' ಎಂದರು.

ಬೆಲೆ ನಿಜವಾಗಿ ಎಷ್ಟು ಏರುತ್ತಿದೆ ಎಂಬುದು ನನಗೆ ಗೊತ್ತಿತ್ತಲ್ಲ. ಆರರ ಬಡ್ಡಿಯಲ್ಲಿ ಆ ದುಡ್ಡು ವರ್ಷ ವರ್ಷ ಕರಗುತ್ತದೆ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಈ ಊರಿನಲ್ಲಿ ಹತ್ತು ಜನ ಇರಲಿಲ್ಲ. ಕ್ರಿಪ್ಟೊ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಆದರೂ ಹಾಕಿಬಿಡಿ ಅಪ್ಪ, ಬ್ಯಾಂಕಿನಲ್ಲಿಟ್ಟರೆ ಕರಗುತ್ತದೆ ಎಂದೆ. ಒಳ್ಳೆಯದನ್ನೇ ಹೇಳುತ್ತಿದ್ದೇನೆ ಎಂಬ ನಂಬಿಕೆ ಆಗ ಇತ್ತು. ಹಾಳೆಯಲ್ಲಿ ಮಾಡಿದ್ದಕ್ಕೆ ಇಲ್ಲಿ ಪರಿಹಾರ ಕೊಡುತ್ತಿದ್ದೇನೆ ಎಂದು ಒಳಗೆ ಎಲ್ಲೋ ಅನಿಸಿರಬೇಕು.

ಅಪ್ಪ ನನ್ನ ಕಡೆ ತಿರುಗಿದರು. 'ಏರಿಕೆ ನಾಲ್ಕೇ ಆದ್ರೆ, ಆರು ಕೊಡೋ ಬ್ಯಾಂಕು ಯಾಕಮ್ಮ ಸಾಲದು?'

ಎದುರು ಬಸ್ಸು ಬಂದು ನಿಂತಿತು, ಅವರದಲ್ಲ. ಅದು ಹೋಗುವವರೆಗೂ ಇಬ್ಬರೂ ಅದನ್ನೇ ನೋಡಿದೆವು. ಜೀವಮಾನವೆಲ್ಲ ಒಂದು ಪುಟದ ಅಂಕಿ ಇನ್ನೊಂದು ಪುಟದ ಅಂಕಿಗೆ ತಾಳೆಯಾಗದ್ದನ್ನು ಹಿಡಿದವರು ಅವರು. ಹಿಡಿದರು. 'ಸರಿ ಬಿಡು' ಎಂದು ಎದ್ದರು. ಆ ವಾರವೇ ಒಂಬತ್ತು ಪಾಲನ್ನೂ ತೆಗೆದು ಹಾಕಿದರು. ನನ್ನನ್ನು ಕೇಳಿದ್ದನ್ನು ಯಾರಿಗೂ ಹೇಳಲಿಲ್ಲ, ಅಮ್ಮನಿಗೂ, ನಿನಗೂ.

ಆಮೇಲಿನ ಎಂಟು ತಿಂಗಳು ಅಪ್ಪ ಎಷ್ಟು ಖುಷಿಯಾಗಿದ್ದರು ಎಂದು ನೀನೂ ಬಲ್ಲೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಮೊಬೈಲು ನೋಡಿ, 'ಇವತ್ತು ನಾನು ನಿಮ್ಮ ನಿರ್ದೇಶಕರಿಗಿಂತ ಶ್ರೀಮಂತ' ಎಂದು ನನ್ನನ್ನು ಕೆಣಕುತ್ತಿದ್ದರು. ಅಮ್ಮನಿಗೆ ಹೊಸ ಹಾಸಿಗೆ ಬಂತು. ಆಮೇಲೆ ಒಂದೇ ವಾರದಲ್ಲಿ ನಾಣ್ಯ ನೆಲ ಕಚ್ಚಿತು, ಅಳಿದುಳಿದದ್ದನ್ನು ತೆಗೆಯೋಣ ಎಂದರೆ ಆ ವಿನಿಮಯ ಕಂಪನಿಯೇ ಬಾಗಿಲು ಹಾಕಿಕೊಂಡಿತು. ನಿನ್ನ ಉಳಿತಾಯವೂ ಅದರಲ್ಲೇ ಹೋಯಿತು. ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅಪ್ಪನ ಕೈಯಲ್ಲಿ ಉಳಿದದ್ದು ಪಿಂಚಣಿ. ಅದರ ಭತ್ಯೆ ನನ್ನ ಹಾಳೆಯ ಪ್ರಕಾರ ಏರುತ್ತಿತ್ತು, ಮದ್ದು ಅಂಗಡಿಯ ಪ್ರಕಾರ. ಎರಡು ಹೊತ್ತಿನ ಹನಿಯನ್ನು ಒಂದು ಹೊತ್ತು ಮಾಡಿದರು, ಆಮೇಲೆ ದಿನ ಬಿಟ್ಟು ದಿನ. ಬಾಟಲಿ ಖಾಲಿಯಾಗದೆ ಇರುವುದನ್ನು ನೋಡಿಯೂ ನನಗೆ ಹೊಳೆಯಲಿಲ್ಲ. ಬೇರೆಯವರ ಮನೆಯಲ್ಲಿ ಒಂದು ಬಾಟಲಿ ಎಷ್ಟು ದಿನ ಬರುತ್ತದೆ ಎಂದು ಲೆಕ್ಕ ಹಾಕುವುದೇ ನನ್ನ ಕೆಲಸ. ಬದಿಯಿಂದ ಬರುವುದು ಕಾಣದಾಗಿದೆ ಎಂದು ಅವರು ಬಾಯಿ ಬಿಡಲಿಲ್ಲ. ಮೆಟ್ಟಿಲ ಮೇಲಿನಿಂದ ಬಿದ್ದಾಗ ಕೈಯಲ್ಲಿ ಹಾಲಿನ ಪೊಟ್ಟಣವಿತ್ತು. ಆಸ್ಪತ್ರೆಯಲ್ಲಿ ಒಂಬತ್ತು ದಿನ.

ಅಪ್ಪ ಹೋದ ಮೇಲೆ ನೀನು ಮನೆ ಬಿಟ್ಟು ಹೋದ ಆ ದಿನದ ವಿಷಯಕ್ಕೆ ಬರುತ್ತೇನೆ. ಚಿಕ್ಕಪ್ಪ, ಸೋದರತ್ತೆ ಎಲ್ಲ ನಡುಮನೆಯಲ್ಲಿದ್ದರು. ಅಪ್ಪನ ಗಂಟೆಲ್ಲ ಎಲ್ಲಿ ಹೋಯಿತು ಎಂದು ಚಿಕ್ಕಪ್ಪ ಕೇಳಿದಾಗ ಎಲ್ಲರೂ ನಿನ್ನ ಕಡೆ ತಿರುಗಿದರು. ನೀನು ಹೇಳಿದೆ, 'ನಾನು ಹತ್ತರಲ್ಲಿ ಒಂದು ಪಾಲು ಅಂದಿದ್ದೆ. ಎಲ್ಲ ಹಾಕು ಅಂತ ನಾನು ಹೇಳ್ಲಿಲ್ಲ.' ಅಮ್ಮ ನನ್ನ ಮುಖ ನೋಡಿದಳು. ನಮ್ಮ ಮನೆಯಲ್ಲಿ ಲೆಕ್ಕದ ಮಾತು ಬಂದಾಗ ಅಮ್ಮ ನೋಡುವುದು ನನ್ನ ಮುಖವನ್ನೇ. ನಾನು ಸುಮ್ಮನಿದ್ದೆ. ಸುಮ್ಮನಿದ್ದರೂ ಸಾಕಾಗಿತ್ತು. ಅದು ಸಾಲದೆಂಬಂತೆ, 'ಈಗ ಏನು ಹೇಳಿದರೇನು, ಅಪ್ಪನ್ನ ನುಂಗಿದ್ದಾಯ್ತಲ್ಲ' ಎಂದೆ. ನೀನು ಚಪ್ಪಲಿ ಮೆಟ್ಟಿಕೊಂಡು ಹೋಗುವಾಗ ಎಡಗಾಲಿನದರ ಪಟ್ಟಿ ಹಾಕಿಕೊಳ್ಳಲೂ ನಿಲ್ಲಲಿಲ್ಲ. ಈ ಮೂರು ವರ್ಷದಲ್ಲಿ ನನ್ನ ಕಣ್ಣ ಮುಂದೆ ಹೆಚ್ಚಾಗಿ ಬಂದಿದ್ದು ಅದೇ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳಬಹುದು. ಬೆಲೆಗಳನ್ನು ಹೋಲಿಸಿ ನೋಡುವ ಆಧಾರ ವರ್ಷ ಬದಲಾಗುತ್ತಿದೆ. ಹಳೆಯ ಹಾಳೆಗಳನ್ನೆಲ್ಲ ಕಟ್ಟು ಬಿಚ್ಚಿ ನನ್ನ ಮೇಜಿಗೆ ತಂದಿಟ್ಟಿದ್ದಾರೆ. ಇಪ್ಪತ್ತೇಳನೇ ಸಾಲು, ಪಕ್ಕದಲ್ಲಿ ನನ್ನ ರುಜು, ಎಷ್ಟು ದುಂಡಗೆ ಬಂದಿದೆ. ಕೈ ನಡುಗಿದ ಗುರುತು ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಇಲ್ಲ. ಆ ಸಾಲು ತಪ್ಪು, ಬರೆಸಿದ್ದು ನಾನು ಎಂದು ಹೊಸ ನಿರ್ದೇಶಕರಿಗೆ ಶುಕ್ರವಾರ ಬರೆದುಕೊಟ್ಟೆ. ಅವರು ಓದಿ, ಹೋಗುವಾಗ ಬಾಗಿಲು ಮುಂದೆ ಮಾಡಿಕೊಳ್ಳಿ ಎಂದಷ್ಟೇ ಹೇಳಿದರು. ಏನಾಗುತ್ತದೋ ಗೊತ್ತಿಲ್ಲ. ಅದು ಸುಲಭದ ಕೆಲಸವಾಗಿತ್ತು. ಕಷ್ಟದ್ದು ಇದು.

ನಿಜ ಹೇಳಿದ್ದರೆ ಅಪ್ಪ ಉಳಿಯುತ್ತಿದ್ದರೇ? ನನಗೆ ಗೊತ್ತಾಗುವುದಿಲ್ಲ. ಬೆಲೆ ಏರುತ್ತಲೇ ಇರುತ್ತಿತ್ತು, ನಾಣ್ಯ ಹೇಗೂ ಬೀಳುತ್ತಿತ್ತು. ಆದರೆ ಮನೆಯಲ್ಲಿ ಅವರು ಕೇಳಬಹುದಾದ ಒಂದು ಜಾಗವಿತ್ತು, ಎರಡು ಸಲ ಬಂದು ಕೇಳಿದರು, ಎರಡು ಸಲವೂ ಬರಿಗೈಯಲ್ಲಿ ಹೋದರು.

ಈ ಕಾಗದವನ್ನು ಅಂಚೆಗೆ ಹಾಕುವ ಮೊದಲು ಅಮ್ಮನಿಗೆ ಓದಿ ಹೇಳುತ್ತೇನೆ. ಚಿಕ್ಕಪ್ಪನಿಗೂ ಅತ್ತೆಗೂ ಬೇರೆಯಾಗಿ ಬರೆಯುತ್ತೇನೆ. ನೀನು ಮನೆಗೆ ಬಾ. ನನ್ನ ಜೊತೆ ಮಾತಾಡದಿದ್ದರೂ ಸರಿ, ಅಮ್ಮನ ಪಕ್ಕ ಬಂದು ಕೂತು ಹೋಗು.

ಇಂತಿ,
ನಿನ್ನ ಅಕ್ಕ

ಮರೆತ ಮಾತು (ಮೇ ೧೨, ಸೋಮವಾರ): ಓದಿ ಹೇಳುತ್ತೇನೆ ಎಂದು ಬರೆದು ಒಂದು ವಾರ ಓದಲಿಲ್ಲ. ನಿನ್ನೆ ಮಧ್ಯಾಹ್ನ ಓದಿದೆ. ಅಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು, ನಾನು ಓದಿ ಮುಗಿಸುವವರೆಗೂ ಮಡಿಸಿದಳು. ಬಸ್ ನಿಲ್ದಾಣದ ಭಾಗ ಇನ್ನೊಂದು ಸಲ ಓದು ಎಂದಳು, ಓದಿದೆ. ಆಮೇಲೆ ಹೇಳಿದಳು, 'ಅವಳು ಆವತ್ತೇ ಹೇಳಿದ್ಲು. ನೀನು ಸುಮ್ಮನಿದ್ಯಲ್ಲ, ಅದಕ್ಕೇ ನಾನು ನಂಬಲಿಲ್ಲ.' ಬೈಯಲಿಲ್ಲ. ನಿನ್ನ ಮನೆ ಎಷ್ಟನೇ ಮಹಡಿ, ಹತ್ತಲು ಎಷ್ಟು ಮೆಟ್ಟಿಲು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನೀನು ಇಲ್ಲಿಗೆ ಬರಬೇಕಾಗಿಲ್ಲ, ಅವಳೇ ಬರುತ್ತಾಳಂತೆ. ಹತ್ತೊಂಬತ್ತರ ರೈಲಿಗೆ ಟಿಕೆಟ್ ತೆಗೆದಿದ್ದೇನೆ. ವಾಪಸ್ಸಿನದೂ ಈಗಲೇ ತೆಗೆಯಲೇ ಎಂದು ಕೇಳಿದ್ದಕ್ಕೆ, ಹೋಗೋದಷ್ಟೇ ಸಾಕು ಎಂದಳು. ಅವಳ ಮಂಡಿ ನೋವಿಗೆ ಸಂಜೆ ಬಿಸಿನೀರಿನ ಚೀಲ ಬೇಕು. ತಾನಾಗಿ ಕೇಳುವುದಿಲ್ಲ, ನೀನೇ ಕೊಡಬೇಕು. ಅವಳಿಗಿಂತ ಮೊದಲು ಈ ಕಾಗದ ನಿನ್ನ ಕೈ ಸೇರಲಿ ಎಂದು ನಾಳೆ, ಮೇ ೧೩, ಮಂಗಳವಾರ, ಅಂಚೆಗೆ ಹಾಕುತ್ತೇನೆ.